ಅರ್ಧಕ್ಕೆ ನಿಲ್ಲುವ ಪರದೆ

ಸಹೃದಯರಾದ ವಾಚಕ ಮಹಾಶಯರೇ, ಒಬ್ಬ ಮನುಷ್ಯನು ಕ್ಷೌರವನ್ನು ನಡುವೆಯೇ ಬಿಟ್ಟು, ಒಂದು ಕೆನ್ನೆಯ ಮೇಲೆ ಸೋಪಿನ ನೊರೆಯನ್ನು ಹಾಗೆಯೇ ಉಳಿಸಿಕೊಂಡು, ತನ್ನ ಕಿಟಕಿಯ ಇಳಿಬಿಟ್ಟ ಪರದೆಯ ಸಂದಿನಿಂದ ಹೊರಗೆ ನೋಡುತ್ತಾ, ಅದರ ಹಗ್ಗಕ್ಕೆ ಕೈಯಿಟ್ಟು ನಿಂತಿರುವಾಗ ಅವನ ಮನಸ್ಸಿನೊಳಗೆ ಇಣುಕುವುದು ಸಭ್ಯರ ಲಕ್ಷಣವಲ್ಲವೆಂಬುದು ಈ ಬರಹಗಾರನಿಗೂ ತಿಳಿದಿದೆ, ಆದರೂ ತಾವು ದಯಮಾಡಿ ಒಳಗೆ ಬರಬೇಕು, ತಡಮಾಡಬಾರದು, ಏಕೆಂದರೆ ಎದುರು ಮನೆಯ ಪರದೆ ಇದೀಗ ಏಳತೊಡಗಿದೆ — ಏಳುತ್ತಿದೆ, ಇವತ್ತೂ ಏಳುತ್ತಿದೆ, ನಿನ್ನೆ ಸಂಜೆ ಅಷ್ಟೆಲ್ಲ ಆದ ಮೇಲೂ ಅದಕ್ಕೇನು ನಾಚಿಕೆಯೇ, ಅಡ್ಡಪಟ್ಟಿಗಳು ಒಂದರ ಮೇಲೊಂದು ಮಡಚಿಕೊಳ್ಳುತ್ತಾ, ಎಲ್ಲಿಯೂ ತಡೆಯದೆ, ಎಲ್ಲಿಯೂ ಉಸಿರು ತೆಗೆದುಕೊಳ್ಳದೆ, ಬೀದಿಯಲ್ಲಿ ಪತ್ರಿಕೆಯವನ ಸೈಕಲ್ಲು ಗಡಗಡ ಹೋಯಿತು, ಕೆಳಗಿನ ಅಂಗಡಿಯ ಷಟರು ಕಿರುಚಿತು, ಎದುರಿನ ಪರದೆ ಮಾತ್ರ ಸದ್ದಿಲ್ಲದೆ ಕಿಟಕಿಯ ನಡುಮಟ್ಟಕ್ಕೆ ಬಂದು ನಿಂತುಬಿಟ್ಟಿತು, ಕೆಳಪಟ್ಟಿ ಎಳ್ಳಷ್ಟೂ ನಡುಗಲಿಲ್ಲ. ಮನುಷ್ಯರ ಕೈ ಎಳೆದ ಪರದೆಯಾಗಿದ್ದರೆ ನಿಲ್ಲುವ ಮುನ್ನ ಒಮ್ಮೆ ನಡುಗಬೇಕಿತ್ತು. ಇಷ್ಟು ದಿನ ನಿನ್ನ ಕಣ್ಣೇನು ಕಾಸಿಗೆ ಮಾರಿಕೊಂಡಿದ್ದೆಯಾ, ಎಂದು ಅವನು ತನ್ನನ್ನೇ ಬೈದುಕೊಂಡ, ಕೆನ್ನೆಯ ನೊರೆ ಒಣಗಿ ಚರ್ಮ ಬಿಗಿಯತೊಡಗಿತ್ತು, ಕೈಯಲ್ಲಿ ಹಗ್ಗ ಹಾಗೆಯೇ ಇತ್ತು, ಎಳೆಯಲೇ, ಬಿಡಲೇ, ಮೂರು ವರ್ಷದಲ್ಲಿ ಈ ಪ್ರಶ್ನೆ ಒಂದು ಬೆಳಗೂ ಹುಟ್ಟಿರಲಿಲ್ಲ.

ಯಾರು ಬೇಕಾದರೂ ಮೋಸ ಹೋಗಬಹುದಿತ್ತು, ಅವನು ಹೋಗಬಾರದಿತ್ತು, ಇಡೀ ಬದುಕನ್ನು ನಾಟಕ ಕಂಪನಿಯಲ್ಲಿ ಪರದೆ ಎಳೆದು ಕಳೆದವನು, ಕಂಪನಿಯವರೆಲ್ಲ ಹೆಸರು ಮರೆತು ಪರದೆ ಎಂದೇ ಕರೆಯುತ್ತಿದ್ದವನು, ಏ ಪರದೆ ಊಟ ಆಯ್ತಾ, ಏ ಪರದೆ ಹಗ್ಗಕ್ಕೆ ಎಣ್ಣೆ ಹಾಕಿದ್ಯಾ — ರಂಗದ ಪಕ್ಕದ ಕತ್ತಲೆಯಲ್ಲಿ ನಿಂತು ಹಗ್ಗ ಹಿಡಿದರೆ ಮೇಲಿನ ರಾಟೆಯ ಬಿಗಿತದಲ್ಲೇ ಮುಂದೆ ಕೂತವರೆಷ್ಟು ಎಂದು ಹೇಳುತ್ತಿದ್ದವನು, ಹೇಳುತ್ತಿದ್ದೆ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದವನು ಅನ್ನು, ಸುಳ್ಳು ಇವತ್ತಾದರೂ ಬೇಡ. ಸಿಟ್ಟಿನಲ್ಲಿ ಎಳೆದ ಪರದೆ ಒಂದು ಥರ, ಅಳು ನುಂಗಿ ಎಳೆದದ್ದು ಇನ್ನೊಂದು ಥರ, ನಿದ್ದೆಗಣ್ಣಿನದು ಮತ್ತೊಂದು, ಇಷ್ಟೆಲ್ಲ ಗೊತ್ತಿದ್ದವನಿಗೆ ಎದುರಿಗಿರುವ ಅಣ್ಣನ ಮನೆಯ ಪರದೆ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಬೆಣ್ಣೆಯ ಹಾಗೆ ಜಾರಿಕೊಂಡು ಎದ್ದಾಗ ಏನನ್ನಿಸಬೇಕಿತ್ತು? ಅವನಿಗೆ ಅನ್ನಿಸಿದ್ದು ಇಷ್ಟೇ — ಅಣ್ಣನ ಕೈ ನಡುಕ ನಿಂತಿತು. ಅಣ್ಣನ ಮನಸ್ಸು ತಿಳಿಯಾಯಿತು. ಸಿಟ್ಟಿದ್ದವನ ಕೈ ಹೀಗೆ ಎಳೆಯುವುದಿಲ್ಲ, ಕ್ಷಮಿಸಿದವನ ಕೈ ಹೀಗೆ ಎಳೆಯುತ್ತದೆ ಎಂದುಕೊಂಡು ಅವತ್ತು ತಾನೀಗ ಕೆಲಸಕ್ಕಿರುವ ಬಟ್ಟೆಯಂಗಡಿಗೆ ಹೋಗಿ ಥಾನು ಇಳಿಸುತ್ತಾ ಇಳಿಸುತ್ತಾ ಶಿಳ್ಳೆ ಹಾಕಿದ್ದ, ಏನಪ್ಪಾ ಇವತ್ತು ಬಹಳ ಖುಷಿ ಎಂದು ಅಂಗಡಿಯ ಯಜಮಾನ ಕೇಳಿದ್ದಕ್ಕೆ ನಮ್ಮಣ್ಣ ಹುಷಾರಾಗಿದ್ದಾನೆ ಎಂದಿದ್ದ. ಹುಷಾರಾಗಿದ್ದಾನೆ! ಥೂ.

ಅರ್ಧ ಎಂದರೆ ಬಾ ಎಂದರ್ಥ, ಇದನ್ನು ಅವನೇನು ಕನಸಿನಿಂದ ತಂದದ್ದಲ್ಲ. ಚಿಕ್ಕಂದಿನಲ್ಲಿ ಅಪ್ಪ ಗಿರಣಿಯ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರು, ಮಲಗುವವರೆಗೆ ಮನೆಯೆಲ್ಲ ಅವರ ಕೆಮ್ಮು, ಅವರ ಬೆಲ್ಟು, ತಮ್ಮನಾದವನು ಶಾಲೆ ತಪ್ಪಿಸಿ ಬೀದಿ ಸುತ್ತಿ ಬಂದು ಎದುರು ಗೋಡೆಯ ಹಿಂದೆ ಅವಿತು ಕೂತು ನೋಡಬೇಕು, ಅಣ್ಣ ಒಳಗಿಂದ ಪರದೆಯನ್ನು ಪೂರ್ತಿ ಇಳಿಸಿದರೆ ಅಪ್ಪ ಎದ್ದಿದ್ದಾರೆ ಬರಬೇಡ, ಅರ್ಧಕ್ಕೆ ಎತ್ತಿದರೆ ಮಲಗಿದರು, ಸದ್ದು ಮಾಡದೆ ಬಾ. ಆ ಅರ್ಧದ ಕೆಳಗೆ ಅಣ್ಣನ ಗಲ್ಲ ಮಾತ್ರ ಕಾಣುತ್ತಿತ್ತು, ಗಲ್ಲದ ಕೆಳಗೆ ಬೇಗ ಬಾರೋ ಎಂದು ಆಡುವ ಬೆರಳು. ಹಿತ್ತಲಿನ ಬಾಗಿಲಲ್ಲಿ ನಿಂತಿರುತ್ತಿದ್ದ, ಕೈಯಲ್ಲಿ ಮುಚ್ಚಿದ ತಟ್ಟೆ — ತಿನ್ನು ಬೇಗ, ಮುಖ ತೊಳ್ಕೊ, ಎಲ್ಲಿ ಹಾಳಾಗಿ ಹೋಗಿದ್ದೆ ಕತ್ತೆ? ಕತ್ತೆ ಎನ್ನುವಾಗ ಎಷ್ಟು ಪ್ರೀತಿಯಿತ್ತು, ಅಥವಾ ಅದನ್ನೂ ಇವನೇ ಹಾಕಿಕೊಂಡು ಕೇಳಿದನೋ, ಈಗ ಯಾವುದನ್ನು ನಂಬುವುದು, ನಿನ್ನೆಯವರೆಗೆ ಗಟ್ಟಿ ನೆಲ ಎಂದುಕೊಂಡದ್ದರ ಮೇಲೆ ಈಗ ಕಾಲಿಡಲು ಹೆದರಿಕೆ, ಆದರೆ ತಟ್ಟೆ ನಿಜ, ತಟ್ಟೆಯ ಅಂಚು ಒಂದು ಕಡೆ ನಗ್ಗಿತ್ತು, ನಗ್ಗಿದ ತಟ್ಟೆಯನ್ನು ಯಾರೂ ಸುಮ್ಮನೆ ಕಟ್ಟಿ ಹೇಳುವುದಿಲ್ಲ.

ಹಾಲು ಉಕ್ಕುತ್ತಿದೆಯೋ ಏನೋ, ವಾಸನೆ — ಉಕ್ಕಲಿ. ಜಗಳವಾದದ್ದಾದರೂ ಯಾವ ಘನಕಾರ್ಯಕ್ಕೆ, ಅಣ್ಣ ಹೊಸ ಕನ್ನಡಕದ ಅಂಗಡಿ ತೆರೆದ ದಿನ, ಗಾಜಿನ ಕಪಾಟುಗಳಲ್ಲಿ ಸಾಲುಸಾಲಾಗಿ ಕಣ್ಣಿಲ್ಲದ ಕನ್ನಡಕಗಳು, ಬಂದವರೆಲ್ಲ ದೊಡ್ಡ ಜನ, ಊರೂರು ಅಲೆದು ಬಂದ ಇವನು ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು ಕುರ್ಚಿ ಸರಿಸುತ್ತಾ ನಿಂತಿದ್ದ, ಆಗ ಒಬ್ಬ ಕಣ್ಣಿನ ಡಾಕ್ಟರು ಕೇಳಿದ, ಇವರು ಯಾರು, ಅಣ್ಣ ಅಂದ, ಗೊತ್ತಿರೋವ್ರು. ಅಷ್ಟೇ. ಗೊತ್ತಿರೋವ್ರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು, ಗೊತ್ತಿರುವವನು! ಇವನ ಬಾಯಿ ಸುಮ್ಮನಿರಬೇಕಲ್ಲ, ಊರವರ ಕಣ್ಣಿಗೆಲ್ಲ ಗಾಜು ಹಾಕ್ತೀಯಲ್ಲಣ್ಣ, ನಿನ್ನ ಕಣ್ಣಿಗೆ ಯಾವಾಗ ಹಾಕ್ಕೋತೀಯ ಎಂದುಬಿಟ್ಟ ಎಲ್ಲರೆದುರು, ಯಾರೋ ನಕ್ಕರು, ಅಣ್ಣನ ಕಿವಿಯ ತುದಿ ಕೆಂಪಾಯಿತು, ಊರೂರಲ್ಲಿ ಹಗ್ಗ ಎಳ್ಕೊಂಡು ತಿರುಗೋನಿಗೆ ಮನೆ ಮಾತು ಯಾಕೆ, ನಡಿ ಆಚೆ. ನಡೆದ. ಅಣ್ಣನಿಗೆ ಹತ್ತಿರವಿರಲೆಂದು ಅವನ ಕಿಟಕಿಗೆ ಎದುರಾಗಿ ಹಿಡಿದಿದ್ದ ಈ ಮೇಲಿನ ಕೋಣೆಗೆ ಬಂದು ಚೀಲ ಕಟ್ಟಿದ, ಬೆಳಗಾಗುತ್ತಲೇ ಹೊರಡುವುದೆಂದು ಚಪ್ಪಲಿಯನ್ನೂ ಮೆಟ್ಟಿದ್ದ, ಆಗ ಎದುರು ಮನೆಯ ಪರದೆ ಎದ್ದಿತು, ತಡವರಿಸಿ ತಡವರಿಸಿ, ಅರ್ಧಕ್ಕೆ ಬಂದು, ನಡುಗಿ, ನಿಂತಿತು. ಅಣ್ಣ ಕರೆದ. ಬಾಯಿಬಿಟ್ಟು ಕರೆಯಲಾರ, ಅವನ ಬಿಗುಮಾನ ಅವನಿಗೆ, ಆದರೆ ಕರೆದ. ಇವನು ಚಪ್ಪಲಿ ಬಿಟ್ಟ, ತನ್ನ ಪರದೆಯನ್ನೂ ಅರ್ಧಕ್ಕೆ ಎತ್ತಿದ, ಚೀಲ ಬಿಚ್ಚಿದ. ಇವನಿಗೂ ಬಿಗುಮಾನವೇನು ಕಡಿಮೆಯೇ, ಬಾಯಿಬಿಟ್ಟು ಕರೆಯಲಿ ಆಮೇಲೆ ಹೋಗುತ್ತೇನೆ ಎಂದು ಕೂತ, ಅಣ್ಣನ ಅಂಗಡಿಯ ದಾರಿ ಬಿಟ್ಟು ಸುತ್ತಿ ಬಳಸಿ ಓಡಾಡಿದ, ಅಣ್ಣನ ಮನೆಯ ಬಾಗಿಲು ಆ ಕಡೆಯ ಬೀದಿಗೆ, ಈ ಕಡೆಗಿರುವುದು ಕಿಟಕಿಯೊಂದೇ, ಆ ಕಿಟಕಿಯೊಂದೇ ಸಾಕಾಯಿತು ಮೂರು ವರ್ಷಕ್ಕೆ.

ಕಂಪನಿಯ ಮಾಲೀಕ ಎರಡು ಸಲ ಫೋನು ಮಾಡಿದ್ದ, ಬಾರೋ ಪರದೆ, ಈಗ ನಮ್ಮಲ್ಲೂ ಮೋಟರು ಬಂದಿದೆ, ಬಟನ್ ಒತ್ತಿದ್ರೆ ಸಾಕು, ಆದ್ರೂ ಬಟನ್ ಒತ್ತೋಕೆ ಒಬ್ಬ ಬೇಕಲ್ಲೋ — ಇಲ್ಲ ಸಾರ್, ಇಲ್ಲೊಬ್ಬರು ದಿನಾ ನನ್ನ ದಾರಿ ನೋಡ್ತಾರೆ. ಯಾರೋ ಅದು, ಈ ವಯಸ್ಸಲ್ಲಿ, ಎಂದು ಮಾಲೀಕ ನಕ್ಕದ್ದಕ್ಕೆ ಇವನೂ ನಾಚಿ ನಕ್ಕಿದ್ದ. ಜ್ವರ ಬಂದು ಮೈ ಕೆಂಡವಾಗಿ ತಲೆ ಎತ್ತಲಾಗದ ಬೆಳಗ್ಗೆ ಕೂಡ ನೆಲದ ಮೇಲೆ ತೆವಳಿಕೊಂಡು ಬಂದು ಇದೇ ಹಗ್ಗ ಹಿಡಿದು ಎಳೆದಿದ್ದ, ಅಣ್ಣ ಗಾಬರಿಯಾಗಬಾರದು ಎಂದು. ಅಣ್ಣ ನೋಡುತ್ತಾನೆಂದು ಕ್ಷೌರ ತಪ್ಪಿಸಿದವನಲ್ಲ. ಹರಿದ ಬನಿಯನ್ನಿನಲ್ಲಿ ಕಿಟಕಿಯ ಬಳಿ ಸುಳಿದವನಲ್ಲ. ಆ ಜ್ವರದ ದಿನ ಎದುರು ಮನೆಯಲ್ಲಿ ನೊಣವೂ ಇರಲಿಲ್ಲವೆಂದು ನಿನ್ನೆ ತಿಳಿಯಿತು, ತಿಂಗಳ ಲೆಕ್ಕ ಹಾಕಲು ಮನಸ್ಸಾಗಲಿಲ್ಲ, ಹಾಕದೆಯೂ ತಾನಾಗಿ ಹಾಕಿಕೊಂಡಿತು ತಲೆ. ಖಾಲಿ ಮನೆಗೆ ಮೈ ಹುಷಾರಿಲ್ಲವೆಂಬುದನ್ನು ಮುಚ್ಚಿಟ್ಟ ಮಹಾನುಭಾವ.

ನಿನ್ನೆ ಬಿಗುಮಾನವನ್ನೆಲ್ಲ ಗಂಟುಕಟ್ಟಿ ಮೂಲೆಗೆಸೆದು ಹೊರಟದ್ದು ಆ ಬೆಣ್ಣೆಯಂಥ ಪರದೆಯ ಧೈರ್ಯದಿಂದಲೇ, ಇಸ್ತ್ರಿ ಹಾಕಿಸಿದ ಅಂಗಿ, ಕೈಯಲ್ಲಿ ಸೇಬಿನ ಹಣ್ಣಿನ ಚೀಲ, ಮೂಲೆ ಸುತ್ತಿ ಆ ಬೀದಿಗೆ ಹೋಗಿ ಗಂಟೆ ಒತ್ತಿದರೆ ಗೋಡೆಯೊಳಗಿಂದ ಒಂದು ಹೆಣ್ಣು ದನಿ, ನಮಸ್ಕಾರ, ದಯವಿಟ್ಟು ಕಾಯಿರಿ, ಮನೆಯವರಿಗೆ ತಿಳಿಸಲಾಗಿದೆ — ಇವನು ಗೋಡೆಗೆ ಕೈಮುಗಿದು, ಆಗಲಮ್ಮ, ನಿಧಾನ ಬರ್ಲಿ ಎಂದ. ಬಾಗಿಲು ತೆರೆದವಳು ಅಣ್ಣನ ಮಗಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಅಯ್ಯೋ ಚಿಕ್ಕಪ್ಪಾ! ನೀವಾ! ಬನ್ನಿ ಬನ್ನಿ, ಚಪ್ಪಲಿ ಇರ್ಲಿ ಬಿಡಿ, ನೆಲದ ತುಂಬ ಧೂಳೇ ಇದೆ. ಅಪ್ಪ ಮಲಗಿದ್ದಾನೇನಮ್ಮ? ಅಪ್ಪನಾ? ಅಪ್ಪ ಅಮ್ಮ ಇಬ್ಬರೂ ನಮ್ಮನೇಲಿದ್ದಾರಲ್ಲ, ಬಂದು ತಿಂಗಳುಗಟ್ಟಲೆ ಆಯ್ತು, ನಿಮಗೆ ಗೊತ್ತಿರ್ಲಿಲ್ವಾ, ಅಪ್ಪಂಗೆ ಕೈ ನಡುಕ ವಿಪರೀತ ಆಗೋಯ್ತು ಚಿಕ್ಕಪ್ಪ, ಕನ್ನಡಕದ ಸಣ್ಣ ಸ್ಕ್ರೂ ಹಿಡಿಯೋಕೂ ಆಗ್ತಿರ್ಲಿಲ್ಲ, ಅಂಗಡಿನೂ ಬೇರೆಯವರಿಗೆ ಬಿಟ್ಟುಕೊಟ್ರು, ನಾನು ಸಾಮಾನು ಏನೇನಿದೆ ನೋಡ್ಕೊಂಡು ಹೋಗೋಣ ಅಂತ ಬಂದೆ. ಕೈ ನಡುಕ ವಿಪರೀತ. ಇವನು ಸೇಬಿನ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡ. ಹಾಗಾದ್ರೆ ದಿನಾ ಬೆಳಗ್ಗೆ ಪರದೆ ಎತ್ತೋರು ಯಾರಮ್ಮ? ಅವಳು ನಕ್ಕಳು, ಯಾರೂ ಇಲ್ಲ ಚಿಕ್ಕಪ್ಪ, ಅದೇ ಏಳುತ್ತೆ, ಅದೇ ಇಳಿಯುತ್ತೆ, ನಮ್ಮನೆಯವರು ಹಾಕಿಸಿದ್ದು, ಸಂಜೆ ದೀಪಾನೂ ಅದೇ ಹಚ್ಚುತ್ತೆ, ಖಾಲಿ ಮನೆ ಅಂತ ಗೊತ್ತಾದ್ರೆ ಕಳ್ಳರು ಬಿಡ್ತಾರಾ, ಹೀಗೆ ಏಳ್ತಾ ಇಳೀತಾ ಇದ್ರೆ ಒಳಗೆ ಜನ ಇದ್ದಾರೆ ಅನ್ಕೋತಾರೆ, ಇಷ್ಟು ದಿನದಲ್ಲಿ ಒಬ್ಬನೂ ಹತ್ತಿರ ಸುಳಿದಿಲ್ಲ ನೋಡಿ, ಎಲ್ಲರೂ ನಂಬಿಬಿಟ್ಟಿದ್ದಾರೆ!

ಎಲ್ಲರೂ ನಂಬಿಬಿಟ್ಟಿದ್ದಾರೆ. ಕಳ್ಳನಿಗೆ ತೋಡಿದ ಗುಂಡಿಗೆ ತಮ್ಮ ಬಿದ್ದ, ಬಿದ್ದು ಅದರೊಳಗೇ ಹಾಸಿಗೆ ಹಾಸಿಕೊಂಡ. ಅವಳು ಹುರುಪಿನಿಂದ ಮೇಜಿನ ಮೇಲಿದ್ದ ಒಂದು ದುಂಡು ಡಬ್ಬಿಯ ಕಡೆ ತಿರುಗಿ, ನೋಡಿ ಈಗ ಎಂದು ಅದಕ್ಕೆ ಪರದೆ ಇಳಿಸು ಎಂದಳು, ಡಬ್ಬಿಯ ನೆತ್ತಿಯಲ್ಲಿ ನೀಲಿ ಬೆಳಕಿನ ಉಂಗುರ ತಿರುಗಿತು, ಪರದೆ ಇಳಿಸಲಾಗುತ್ತಿದೆ ಎಂದಿತು ಅದೇ ಗೋಡೆಯ ಹೆಣ್ಣು ದನಿ, ನೀವೂ ಹೇಳಿ ಚಿಕ್ಕಪ್ಪ, ನೀವು ಹೇಳಿದ್ರೂ ಕೇಳುತ್ತೆ — ನಾನಾ, ಬೇಡಮ್ಮ — ಹೇಳೀಂದ್ರೆ, ಅದೇನು ಕಚ್ಚುತ್ತಾ? ಇವನು ಗಂಟಲು ಸರಿಮಾಡಿಕೊಂಡು ಬಗ್ಗಿ, ಸ್ವಲ್ಪ ಪರದೆ ಎತ್ತಮ್ಮ ತಾಯಿ ಎಂದ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ತಾಯಿ ಗೀಯಿ ಎಲ್ಲ ಬೇಡ ಚಿಕ್ಕಪ್ಪ, ಅದೇನು ಮನುಷ್ಯಳಾ, ಪರದೆ ಅಷ್ಟರಲ್ಲಿ ಎದ್ದು ಅರ್ಧಕ್ಕೆ ನಿಂತಾಗಿತ್ತು, ಕೆಳಪಟ್ಟಿ ನಡುಗಲಿಲ್ಲ. ಅಣ್ಣ ಕೇಳದ ಇವನ ಮಾತನ್ನು ಅಣ್ಣನ ಮನೆಯ ಡಬ್ಬಿ ಕೇಳಿತು, ಎರಡನೇ ಮಾತಾಡದೆ. ಅರ್ಧಕ್ಕೇ ಯಾಕಮ್ಮ ನಿಲ್ಲುತ್ತೆ? ಇನ್ನೂ ಒಂದು ಆಸೆ, ಸಾಯದ ಆಸೆ, ಚಪ್ಪಲಿಯಲ್ಲಿ ಹೊಡೆದರೂ ಬಾಲ ಆಡಿಸುವ ಆಸೆ. ಅದಾ, ಅಪ್ಪನೇ ಹಾಗೆ ಇಡಿಸಿದ್ದು, ಪೂರ್ತಿ ಬೇಡ ಅರ್ಧ ಸಾಕು ಅಂತ ಹಠ ಮಾಡಿ — ಇವನ ಮುಖ ಅರಳಿತ್ತು, ಅದು ಅರಳಿದ್ದು ನೆನೆದರೆ ಈಗ ಈ ಕ್ಷೌರದ ಕನ್ನಡಿಯನ್ನು ಒಡೆಯಬೇಕೆನಿಸುತ್ತದೆ — ಸೋಫಾ ಬಟ್ಟೆ ಬಿಸಿಲಿಗೆ ಬಣ್ಣ ಹೋಗುತ್ತಲ್ಲ ಚಿಕ್ಕಪ್ಪ, ಹಳೇ ಪರದೆ ಇದ್ದಾಗ್ಲೂ ಅಷ್ಟೇ, ಅಂಗಡಿ ತೆರೆದ ದಿನವೇ ಈ ಸೋಫಾನೂ ಬಂತು ನೋಡಿ, ಅವತ್ತಿಂದ ಅರ್ಧಕ್ಕಿಂತ ಮೇಲೆ ಎತ್ತೋಕೆ ಬಿಟ್ಟಿದ್ರೆ ಕೇಳಿ, ಅಮ್ಮನಿಗೂ ಅಪ್ಪಂಗೂ ಇದೇ ಜಗಳ. ಸೋಫಾ ಅಲ್ಲೇ ಇತ್ತು, ಹಸಿರು ಬಟ್ಟೆಯದು, ಬಣ್ಣ ಒಂದಿಷ್ಟೂ ಮಾಸಿರಲಿಲ್ಲ.

ಆಗಲಾದರೂ ಎದ್ದು ಬರಬೇಕಿತ್ತು, ಕೂತ, ಅವಳು ಫೋನು ಹಚ್ಚಿ ಸ್ಪೀಕರಿಗೆ ಹಾಕಿಬಿಟ್ಟಳು, ಅಪ್ಪಾ, ಯಾರು ಬಂದಿದ್ದಾರೆ ಹೇಳು ನೋಡೋಣ, ಮೂರು ವರ್ಷದ ಮೇಲೆ ಅಣ್ಣನ ದನಿ, ಇವನು ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡ, ಯಾರಮ್ಮ, ಸೋಫಾ ಕೊಳ್ತೀನಿ ಅಂದೋನಾ? ಅಲ್ಲಪ್ಪ, ಚಿಕ್ಕಪ್ಪ. ಯಾವ ಚಿಕ್ಕಪ್ಪ? ಎಷ್ಟು ಜನ ತಮ್ಮಂದಿರಪ್ಪ ನಿನಗೆ, ಎದುರು ಕೋಣೆ ಚಿಕ್ಕಪ್ಪ! ಆ ಕಡೆ ಯಾವುದೋ ಪಾತ್ರೆ ಇಟ್ಟ ಸದ್ದು, ಯಾರೋ ಮಗುವನ್ನು ಗದರಿದ ಸದ್ದು, ಆಮೇಲೆ ಅಣ್ಣ ಅಂದ, ಅವನಿನ್ನೂ ಅಲ್ಲೇ ಇದ್ದಾನಾ? ಎಂದೋ ಹೋಗಿರ್ತಾನೆ ಅಂದ್ಕೊಂಡಿದ್ದೆ, ಅವನು ಒಂದು ಕಡೆ ನಿಲ್ಲೋ ಜನ ಅಲ್ವಲ್ಲಮ್ಮ. ಸಿಟ್ಟಿರಲಿಲ್ಲ ದನಿಯಲ್ಲಿ, ಸಿಟ್ಟಿದ್ದಿದ್ದರೆ ಅದನ್ನೇ ಹಿಡಿದುಕೊಂಡು ಇನ್ನೂ ಹತ್ತು ವರ್ಷ ಬದುಕಬಹುದಿತ್ತು, ಬರೀ ಆಶ್ಚರ್ಯ, ನಿಂತುಹೋದ ಹಳೆಯ ಬಸ್ಸಿನ ಹೆಸರು ಕೇಳಿದವನಿಗೆ ಆಗುವಷ್ಟು ಆಶ್ಚರ್ಯ. ಮಾತಾಡ್ತೀಯೇನಪ್ಪ? ಮಾತಾಡೋಕೇನಿದೆ, ಚೆನ್ನಾಗಿದ್ದಾನಾ ಕೇಳು. ಅವಳು ಇವನ ಕಡೆ ತಿರುಗಿ, ಚೆನ್ನಾಗಿದ್ದೀರಾ ಅಂತೆ. ಚೆನ್ನಾಗಿದ್ದೀನಿ ಅನ್ನು. ಚೆನ್ನಾಗಿದ್ದಾರಂತಪ್ಪ. ಸರಿ ಹಾಗಾದ್ರೆ, ಪರದೆ ಸಂಜೆ ಪೂರ್ತಿ ಇಳೀತಾ ಇದೆಯಾ ಒಂದ್ಸಲ ನೋಡಮ್ಮ. ಕೇಳಿಸಿಕೊಂಡಿತೋ ಎನ್ನುವ ಹಾಗೆ, ಕೇಳಿಸಿಕೊಂಡದ್ದಲ್ಲ, ಅದರ ಹೊತ್ತಾಗಿತ್ತು ಅಷ್ಟೇ, ಪರದೆ ತಾನಾಗಿ ಇಳಿಯತೊಡಗಿತು, ಯಾರ ಕೈಯೂ ಹಗ್ಗದ ಮೇಲಿಲ್ಲದೆ ಆಟ ಮುಗಿದದ್ದನ್ನು ಅವನು ಜನ್ಮದಲ್ಲಿ ಮೊದಲ ಸಲ ಪ್ರೇಕ್ಷಕನ ಜಾಗದಲ್ಲಿ ಕೂತು ನೋಡಿದ. ಸೇಬು ತಗೊಳ್ಳಮ್ಮ. ಅಯ್ಯೋ ನಾನಿವತ್ತೇ ಹೊರಡ್ತೀನಿ ಚಿಕ್ಕಪ್ಪ, ನೀವೇ ಇಟ್ಕೊಳ್ಳಿ.

ಹಾಲು ಸೀದುಹೋಯಿತು, ಈಗ ಖಾತ್ರಿಯಾಯಿತು. ಅವನು ಹಗ್ಗ ಬಿಟ್ಟು ಹೋಗಿ ಒಲೆ ಆರಿಸಿದ, ಉಳಿದ ಕೆನ್ನೆಯನ್ನು ತಣ್ಣೀರಿನಲ್ಲೇ ಕೆರೆದುಕೊಂಡ, ಗಾಯವಾಯಿತು, ಆಗಲಿ, ಇವತ್ತು ಯಾರು ನೋಡುತ್ತಾರೆ, ನಿನ್ನೆ ತಾನೇ ಯಾರು ನೋಡಿದ್ದರು. ಚೀಲ ಮಂಚದಡಿಯಿಂದ ಹೊರಬಂತು, ಜೇಡರ ಬಲೆಯನ್ನೂ ಎಳೆದುಕೊಂಡು, ಎರಡು ಪ್ಯಾಂಟು, ಇಸ್ತ್ರಿಯ ಅಂಗಿ, ಕಂಬಳಿ, ರಾಟೆಗೆ ಹಾಕುವ ಎಣ್ಣೆಯ ಡಬ್ಬಿ, ಇದನ್ನೇಕೆ ಇಟ್ಟುಕೊಂಡಿದ್ದೆನೋ, ಸೇಬುಗಳೂ ಚೀಲಕ್ಕೇ ಬಿದ್ದವು, ದಾರಿಯಲ್ಲಿ ಹಸಿವೆಗೆ ಯಾರಿಗೆ ತಂದದ್ದಾದರೇನು. ಮಾಲೀಕನಿಗೆ ಫೋನು ಮಾಡಲೇ, ಬಟನ್ ಒತ್ತಲು ಬರುತ್ತೇನೆ ಸಾರ್ — ಮೊದಲು ಬಸ್ಸು ಹತ್ತು, ಆಮೇಲೆ ಅದೆಲ್ಲ. ಒಂದು ಕಡೆ ನಿಲ್ಲೋ ಜನ ಅಲ್ಲವಂತೆ, ನಿಂತಿದ್ದೆನಲ್ಲೋ ಅಣ್ಣ, ಜೀವನದಲ್ಲಿ ಒಂದೇ ಸಲ ನಿಂತಿದ್ದೆ, ಒಂದೇ ಕಡೆ, ನಿನ್ನ ಸೋಫಾದ ಎದುರಿಗೆ. ಚಪ್ಪಲಿ ಮೆಟ್ಟಿದ, ಬಾಗಿಲವರೆಗೆ ಹೋದ, ತಿರುಗಿ ಬಂದ. ಪರದೆ ಉಳಿದಿತ್ತು. ಇಳಿದೇ ಇರಲಿ, ನಡಿ, ಎಂದು ಮನಸ್ಸು ಹೇಳಿತು, ಪೂರ್ತಿ ಎತ್ತಿಬಿಡು, ಬಿಸಿಲು ಬಂದು ಎಲ್ಲ ಸುಟ್ಟುಹೋಗಲಿ ಎಂದೂ ಹೇಳಿತು, ಅಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿಬಿಟ್ಟಿತ್ತು — ಕಂಪನಿ ಒಂದು ಊರಿನಲ್ಲಿ ಆಟ ಮುಗಿಸಿ, ಸಾಮಾನು ಲಾರಿಗೆ ಹೇರುವವರೆಗೆ ಗಾಳಿಯಾಡಲೆಂದು ಪರದೆಯನ್ನು ಅರ್ಧಕ್ಕೆ ಎತ್ತಿ ಹಗ್ಗವನ್ನು ಗೂಟಕ್ಕೆ ಎಂಟರ ಗಂಟು ಹಾಕಿ ಬಿಗಿಯುವುದು ವಾಡಿಕೆ, ಆ ಗಂಟನ್ನು ಕೈ ಮರೆತಿರಲಿಲ್ಲ, ಕಿಟಕಿಯ ಮೊಳೆಗೆ ಸುತ್ತಿ ಬಿಗಿದು ನಿಂತಿತು.

ಮೆಟ್ಟಿಲಿಳಿಯುವಾಗ ಮನೆಯೊಡತಿ ಬೀಗದ ಕೈಗೆ ಅಂಗೈ ಒಡ್ಡಿ ಕಣ್ಣರಳಿಸಿದಳು, ಏನ್ರೀ ಇದು ಇದ್ದಕ್ಕಿದ್ದಂಗೆ, ಗಂಟುಮೂಟೆ ಎಲ್ಲ ಕಟ್ಕೊಂಡು, ಎಲ್ಲಿಗೆ ಸವಾರಿ? ಅಣ್ಣನ ಮನೆಗಾ? ನಮ್ಮಣ್ಣ ಊರಲ್ಲಿಲ್ಲ ಕಣಮ್ಮ. ಹೌದಾ, ಬೆಳಗ್ಗೆ ಪರದೆ ಎದ್ದಿತ್ತಲ್ರೀ, ನಾನೇ ನೋಡ್ದೆ! ಎದ್ದಿತ್ತು, ನಾನೂ ನೋಡ್ದೆ. ಅವಳು ಬಿಡಲಿಲ್ಲ, ಹಾಗಾದ್ರೆ ಯಾರಾದ್ರೂ ಇರ್ಬೇಕು ಬಿಡಿ ಒಳಗೆ — ಇರ್ಬೇಕು. ಬೀದಿಗೆ ಬಂದ, ಚೀಲ ಹೆಗಲಿಗೇರಿಸಿದ, ಎಡಕ್ಕೆ ಹೋದರೆ ಬಸ್ಸು, ತಿರುಗಿ ನೋಡಬಾರದು ಎಂದುಕೊಂಡು ತಿರುಗಿ ನೋಡಿದ, ನಡುವೆ ಬೀದಿ, ಆ ಕಡೆಗೊಂದು ಈ ಕಡೆಗೊಂದು, ಎರಡೂ ಅರ್ಧಕ್ಕೆ, ಎರಡರ ಕೆಳಗೂ ಗಲ್ಲವಿಲ್ಲ, ಬೇಗ ಬಾರೋ ಎನ್ನುವ ಬೆರಳಿಲ್ಲ, ನಾಳೆಯೂ ಅಷ್ಟೇ, ನಾಡಿದ್ದೂ ಅಷ್ಟೇ, ಒಂದನ್ನೊಂದು ಬಾ ಬಾ ಎಂದು ಕರೆದುಕೊಂಡು ಕೂತಿರಲಿ, ಕಳ್ಳರು ನಂಬಲಿ, ಹೋಗೋಣ, ಬಸ್ಸು ಬರುತ್ತದೆ — ಆ ಕಡೆಯ ಕೆಳಪಟ್ಟಿ ನಡುಗದೆ ನಿಂತಿದೆ, ಈ ಕಡೆಯದು, ಇಷ್ಟು ಹೊತ್ತಾದರೂ, ಅಷ್ಟು ಬಿಗಿದಿದ್ದರೂ, ಇನ್ನೂ ನಡುಗುತ್ತಿದೆ, ಇನ್ನೂ ನಡುಗುತ್ತಿದೆ, ಇನ್ನೂ